ಮೇಷ್ಟ್ರ ಮೊಬೈಲಿನಲ್ಲಿ ಪಾಠಕ್ಕೆಷ್ಟು ಜಾಗ?

ಸರ್ಕಾರಿ ಪ್ರಾಥಮಿಕ ಶಾಲೆಯ ಮುಖ್ಯಶಿಕ್ಷಕರೊಬ್ಬರ ಫೋನನ್ನು ಒಂದು ಗಳಿಗೆ ಇಸಿದುಕೊಂಡು ನೋಡಿ. ಮಕ್ಕಳ ದಾಖಲಾತಿ, ಹಾಜರಾತಿ, ಅಂಕಗಳಿಗೆ ಸ್ಯಾಟ್ಸ್. ಕೊಠಡಿ, ಶೌಚಾಲಯ, ನಲ್ಲಿಗಳ ಲೆಕ್ಕಕ್ಕೆ ಯುಡೈಸ್. ಬಿಸಿಯೂಟ ಉಂಡವರೆಷ್ಟು, ಹಾಲು ಕುಡಿದವರೆಷ್ಟು, ಮೊಟ್ಟೆ ತಿಂದವರೆಷ್ಟು, ಮೊಟ್ಟೆ ಒಲ್ಲದೆ ಬಾಳೆಹಣ್ಣು ಕೇಳಿದವರೆಷ್ಟು ಎಂಬ ವರದಿ. ಇಷ್ಟರ ಮೇಲೆ ವಾಟ್ಸ್‌ಆ್ಯಪ್‌ನಲ್ಲಿ ಕ್ಲಸ್ಟರ್ ಗುಂಪು, ತಾಲ್ಲೂಕು ಗುಂಪು, ಎಚ್‌ಎಂಗಳ ಗುಂಪು, ನಲಿ-ಕಲಿ ಗುಂಪು. ಒಂದೊಂದರಲ್ಲೂ 'ತುರ್ತು', 'ಅತಿ ತುರ್ತು', 'ಇಂದೇ ಸಂಜೆ ನಾಲ್ಕರೊಳಗೆ' ಎಂಬ ಒಕ್ಕಣೆ. 2025ರ ಸೆಪ್ಟೆಂಬರ್ 22ರಿಂದ ನಡೆದ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆಯಲ್ಲಿ ಮನೆಮನೆ ಅಲೆದು ಆ್ಯಪ್‌ಗೆ ಮಾಹಿತಿ ತುಂಬಿದವರೂ ಬಹುಪಾಲು ಇದೇ ಶಿಕ್ಷಕರು. ಆ ಕೆಲಸ ಮುಗಿಯದೆ ದಸರಾ ರಜೆಯನ್ನು ಅಕ್ಟೋಬರ್ 18ರವರೆಗೆ ಎಳೆಯಬೇಕಾಯಿತು.

ಹೀಗಿರುವಾಗ 'ಹಳ್ಳಿ ಮೇಷ್ಟ್ರಿಗೆ ಟೆಕ್ನಾಲಜಿ ಬರೊಲ್ಲ' ಎಂದು ರಾಜಧಾನಿಯ ಸೆಮಿನಾರುಗಳಲ್ಲಿ ಇನ್ನೂ ಹೇಳುತ್ತಾರಲ್ಲ, ಅವರು ಕೊನೆಯ ಸಲ ಹಳ್ಳಿ ಶಾಲೆಯ ಮೆಟ್ಟಿಲು ಹತ್ತಿದ್ದು ಯಾವಾಗಲೋ. ಮೇಷ್ಟ್ರಿಗೆ ಬರುತ್ತದೆ. ಓಟಿಪಿ ಬರುತ್ತದೆ, ಸರ್ವರ್ ಬಿಜಿ ಬರುತ್ತದೆ, ರಾತ್ರಿ ಹನ್ನೊಂದಕ್ಕೆ ಎದ್ದು ಎಂಟ್ರಿ ಮಾಡಿದರೆ ಬೇಗ ಆಗುತ್ತದೆ ಎಂಬ ವಿದ್ಯೆಯೂ ಬರುತ್ತದೆ. ಆದರೆ ಇಷ್ಟೆಲ್ಲ ಕಲಿತದ್ದು ಇಲಾಖೆಗೆ ಲೆಕ್ಕ ಒಪ್ಪಿಸುವುದಕ್ಕಾಗಿ. ಐದನೆಯ ತರಗತಿಯ ಹುಡುಗಿಗೆ ಭಿನ್ನರಾಶಿ ತಲೆಗೆ ಹತ್ತುವಂತೆ ಮಾಡಲು ಅದೇ ಫೋನು ಏನು ಮಾಡಬಲ್ಲದು ಎಂಬ ಪ್ರಶ್ನೆಯನ್ನು ನಮ್ಮ ತರಬೇತಿಗಳು ಕೇಳಿದ್ದು ಕಡಿಮೆ. ಕೇಳಿದಾಗಲೆಲ್ಲ ಒಳ್ಳೆಯ ಉತ್ತರವೇ ಬಂದಿದೆ ಎನ್ನುವುದು ನನ್ನ ವಾದ.

ಯಂತ್ರ ತಂದುಕೊಡುವುದರಲ್ಲಿ ಕರ್ನಾಟಕ ಯಾವತ್ತೂ ಹಿಂದೆ ಬಿದ್ದಿಲ್ಲ. 2004ರ ಸೆಪ್ಟೆಂಬರ್ 20ರಂದು ಇಸ್ರೊ ಎಜುಸ್ಯಾಟ್ ಉಪಗ್ರಹವನ್ನು ಹಾರಿಸಿತು. ಶಿಕ್ಷಣಕ್ಕೆಂದೇ ಮೀಸಲಾದ ದೇಶದ ಮೊದಲ ಉಪಗ್ರಹ ಅದು. ಅದರ ಪ್ರಾಥಮಿಕ ಶಾಲಾ ಜಾಲಕ್ಕೆ ಆರಿಸಿಕೊಂಡದ್ದು ನಮ್ಮ ಚಾಮರಾಜನಗರ ಜಿಲ್ಲೆಯನ್ನು. 880ಕ್ಕೂ ಹೆಚ್ಚು ಶಾಲೆಗಳ ಮಾಡಿನ ಮೇಲೆ ಡಿಶ್ ಬಂತು, ಕೋಣೆಗೆ ಟಿವಿ ಬಂತು. ಬೆಂಗಳೂರಿನ ಸ್ಟುಡಿಯೊದಲ್ಲಿ ಸಿದ್ಧವಾದ ಪಾಠ ಆಕಾಶಕ್ಕೆ ಹೋಗಿ ಬಿಳಿಗಿರಿರಂಗನ ಬೆಟ್ಟದ ಸೀಮೆಗೆ ಇಳಿಯುವುದು ಸಣ್ಣ ಮಾತಲ್ಲ. ಆದರೆ ಆ ಟಿವಿ ಹೇಳುವಂಥದ್ದಾಗಿತ್ತೇ ಹೊರತು ಉತ್ತರ ಕೊಡುವಂಥದ್ದಾಗಿರಲಿಲ್ಲ. ಪಾಠ ಬರುವ ಹೊತ್ತಿಗೆ ಕರೆಂಟು ಇರಬೇಕು, ತರಗತಿ ಅದೇ ಅಧ್ಯಾಯದಲ್ಲಿರಬೇಕು, ಮಗುವಿಗೆ ತಿಳಿಯದಿದ್ದರೆ ಟಿವಿಯನ್ನು ನಿಲ್ಲಿಸಿ ಕೇಳುವಂತಿಲ್ಲ. ಶಿಕ್ಷಕರ ಪಾಲಿಗೆ ಉಳಿದದ್ದು ಸ್ವಿಚ್ ಹಾಕಿ ಮಕ್ಕಳನ್ನು ಸುಮ್ಮನೆ ಕೂರಿಸುವ ಕೆಲಸ. ಉಪಗ್ರಹ 2010ರಲ್ಲಿ ನಿವೃತ್ತವಾಯಿತು.

ಎಜುಸ್ಯಾಟ್‌ಗೂ ಮುಂಚೆಯೇ ಪ್ರೌಢಶಾಲೆಗಳಿಗೆ 'ಮಾಹಿತಿ ಸಿಂಧು' ಎಂಬ ಕಂಪ್ಯೂಟರ್ ಶಿಕ್ಷಣ ಯೋಜನೆ ಹರಿದಿತ್ತು. ದೇಶದ ಹಲವು ರಾಜ್ಯಗಳಲ್ಲಿ ಆಮೇಲೆ ಬಂದ ಗುತ್ತಿಗೆ ಪದ್ಧತಿಯ ಜಾಯಮಾನವೇ ಅದರದ್ದೂ. ಕಂಪ್ಯೂಟರ್ ಕಂಪನಿಯದು, ಕಲಿಸುವ ಹುಡುಗ ಕಂಪನಿಯವನು, ಅವಧಿ ಮುಗಿದ ಮೇಲೆ ಯಂತ್ರ ಶಾಲೆಗೆ. ಗಣಿತದ ಮೇಷ್ಟ್ರು, ವಿಜ್ಞಾನದ ಟೀಚರು ಆ ಕೋಣೆಯ ಹೊರಗೇ ಉಳಿದರು. ಗುತ್ತಿಗೆ ಮುಗಿದು ಹುಡುಗ ಹೊರಟುಹೋದ ದಿನ ಕೋಣೆಗೆ ಬೀಗ ಬಿತ್ತು. ಬೀಗಕ್ಕೆ ಇನ್ನೊಂದು ಕಾರಣವೂ ಇದೆ, ಅದನ್ನು ವರದಿಗಳು ಬರೆಯುವುದಿಲ್ಲ: ಸ್ಟಾಕ್ ರಿಜಿಸ್ಟರ್. ಕಂಪ್ಯೂಟರ್ ಕೆಟ್ಟರೆ, ಕಳುವಾದರೆ, ಆಡಿಟ್‌ನಲ್ಲಿ ಉತ್ತರ ಹೇಳಬೇಕಾದವರು ಎಚ್‌ಎಂ. ಬಳಸದೆ ಇದ್ದದ್ದಕ್ಕೆ ಮಾತ್ರ ಯಾರೂ ನೋಟಿಸ್ ಕೊಡುವುದಿಲ್ಲ. ಹಾಗಾಗಿ ಪ್ಲಾಸ್ಟಿಕ್ ಹೊದಿಕೆ, ಕಬ್ಬಿಣದ ಗ್ರಿಲ್ಲು, ವರ್ಷಕ್ಕೊಮ್ಮೆ ಆಯುಧಪೂಜೆಯ ದಿನ ಕುಂಕುಮದ ಬೊಟ್ಟು. ಸಂಬಳಕ್ಕೆ ಸಂಚಕಾರ ಬರುವ ಕಡೆ ಯಾವ ಮನುಷ್ಯನಾದರೂ ಹೀಗೇ ಮಾಡಿಯಾನು.

ಅಜೀಂ ಪ್ರೇಮ್‌ಜಿ ಫೌಂಡೇಷನ್ ಸರ್ಕಾರಿ ಪ್ರಾಥಮಿಕ ಶಾಲೆಗಳಿಗೆಂದು ಹಲವು ಭಾಷೆಗಳಲ್ಲಿ ಪಾಠದ ಸಿ.ಡಿ.ಗಳನ್ನು ಮಾಡಿಸಿದ್ದು ಇದೇ ಕಾಲದಲ್ಲಿ. ಕೆಲವು ವರ್ಷ ನಡೆಸಿ, ಫಲಿತಾಂಶ ನೋಡಿ, ಸಂಸ್ಥೆ ತಾನೇ ಆ ದಾರಿಯಿಂದ ಹೊರಳಿತು. ಕಂಪ್ಯೂಟರ್‌ನಿಂದ ಶಿಕ್ಷಣದ ಗುಣಮಟ್ಟ ಏರುತ್ತದೆಂಬ ನಂಬಿಕೆಗೆ ಇರುವ ಮಿತಿಯನ್ನು ಸಂಸ್ಥೆಯ ಅನುರಾಗ್ ಬೆಹರ್ 2010ರಲ್ಲಿ ಪತ್ರಿಕಾ ಅಂಕಣದಲ್ಲಿ ಬಹಿರಂಗವಾಗಿಯೇ ಬರೆದರು. ಮಾಹಿತಿ ತಂತ್ರಜ್ಞಾನದ ದುಡ್ಡಿನಲ್ಲಿ ಹುಟ್ಟಿದ ಸಂಸ್ಥೆಯೊಂದು ಹೀಗೆ ಹೇಳಿದ್ದು ದೊಡ್ಡ ಮಾತೇ. ಬೆಂಗಳೂರಿನ ಮೈಕ್ರೋಸಾಫ್ಟ್ ರಿಸರ್ಚ್‌ನಲ್ಲಿದ್ದ ಕೆಂಟಾರೊ ಟೊಯಾಮಾ ತಲುಪಿದ್ದೂ ಇದೇ ತೀರ್ಮಾನಕ್ಕೆ. ಒಂದು ಕಂಪ್ಯೂಟರ್ ಮುಂದೆ ಹತ್ತು ಮಕ್ಕಳು ಮುಗಿಬಿದ್ದಾಗ ಮೌಸ್ ಹಿಡಿಯುವುದು ಒಬ್ಬನೇ, ಉಳಿದವರು ಪ್ರೇಕ್ಷಕರು. ಅದಕ್ಕೆ ಅವರ ತಂಡ ಒಂದೇ ಪರದೆಗೆ ಹಲವು ಮೌಸ್ ಜೋಡಿಸುವ ಉಪಾಯ ಮಾಡಿತು. ಜಾಣ ಉಪಾಯವೇ. ಆದರೆ ಚೆನ್ನಾಗಿ ನಡೆಯುವ ಶಾಲೆಯನ್ನು ತಂತ್ರಜ್ಞಾನ ಇನ್ನಷ್ಟು ಚೆನ್ನಾಗಿಸುತ್ತದೆ, ಸೊರಗಿದ ಶಾಲೆಯಲ್ಲಿ ಅದೂ ಸೊರಗುತ್ತದೆ ಎಂದು 2015ರ 'ಗೀಕ್ ಹೆರೆಸಿ' ಪುಸ್ತಕದಲ್ಲಿ ಟೊಯಾಮಾ ವಾದಿಸಿದರು. ಹಾಗಾದರೆ ಹಣ ಮೊದಲು ಹೋಗಬೇಕಾದ್ದು ಶಿಕ್ಷಕರ ಕಡೆಗೆ.

ಶಿಕ್ಷಕರ ಕಡೆಗೆ ಎಂದೊಡನೆ ನಮ್ಮಲ್ಲಿ ಶುರುವಾಗುವುದು ತರಬೇತಿಯ ಸರಪಳಿ. ರಾಜ್ಯಮಟ್ಟದಲ್ಲಿ ಕೆಲವರಿಗೆ, ಅವರಿಂದ ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆಯಲ್ಲಿ (ಡಯಟ್) ಜಿಲ್ಲೆಯ ಕೆಲವರಿಗೆ, ಅವರಿಂದ ತಾಲ್ಲೂಕಿನ ಸಂಪನ್ಮೂಲ ಕೇಂದ್ರದಲ್ಲಿ (ಬಿಆರ್‌ಸಿ) ಎಲ್ಲರಿಗೆ. ಮೇಲೆ ಮೊಸರಾಗಿದ್ದದ್ದು ಕೆಳಗೆ ಬರುವಷ್ಟರಲ್ಲಿ ನೀರುಮಜ್ಜಿಗೆ. ಬಿಆರ್‌ಸಿಯ ಹಾಲಿನಲ್ಲಿ ಅರವತ್ತು ಜನ, ಒಂದು ಪ್ರೊಜೆಕ್ಟರು, ಕಿಟಕಿಗೆ ಪರದೆ ಇಲ್ಲದೆ ಮಂಕಾದ ಚಿತ್ರ. ಸಂಪನ್ಮೂಲ ವ್ಯಕ್ತಿಯಾಗಿ ಬಂದವರು ಪಾಪ, ಹಿಂದಿನ ವಾರವಷ್ಟೇ ಕಲಿತವರು. 'ಇಲ್ಲಿ ಕ್ಲಿಕ್ ಮಾಡಿ, ಈಗ ಇಲ್ಲಿ ಕ್ಲಿಕ್ ಮಾಡಿ.' ಮಧ್ಯಾಹ್ನದ ಊಟಕ್ಕೆ ಚಿತ್ರಾನ್ನ, ಮೂರೂವರೆಗೆ ಹಾಜರಾತಿ ಪ್ರಮಾಣಪತ್ರದ ಸರತಿ, ಕೊನೆಯ ಬಸ್ಸಿನ ಆತಂಕ. ಮುಂದಿನ ವಾರ ಶಾಲೆಯಲ್ಲಿ ಅದನ್ನು ಮಾಡಿ ನೋಡಿ ಎಲ್ಲಿಯೋ ಸಿಕ್ಕಿಹಾಕಿಕೊಂಡರೆ ಕೇಳಲು ಯಾರಿದ್ದಾರೆ? ಏಕೋಪಾಧ್ಯಾಯ ಶಾಲೆಯಾದರೆ ಪಕ್ಕದ ಕೋಣೆಯಲ್ಲೂ ಯಾರಿಲ್ಲ. ಅವರು ತರಬೇತಿಗೆ ಬಂದ ದಿನ ಶಾಲೆ ನೋಡಿಕೊಂಡವರು ಯಾರು ಎಂಬುದು ಇನ್ನೊಂದು ಪ್ರಶ್ನೆ.

ಈ ಸರಪಳಿಯನ್ನು ಬೇರೆ ರೀತಿಯಲ್ಲಿ ಬೆಸೆಯಲು ನೋಡಿದ ಪ್ರಯತ್ನವೊಂದು ನಮ್ಮಲ್ಲೇ ನಡೆದಿದೆ. ಅದರ ಬಗ್ಗೆ ಕನ್ನಡದಲ್ಲಿ ಚರ್ಚೆಯಾದದ್ದು ಏನೇನೂ ಸಾಲದು. 2011ರ ಹೊತ್ತಿಗೆ ರಾಜ್ಯ ಶಿಕ್ಷಣ ಸಂಶೋಧನೆ ಮತ್ತು ತರಬೇತಿ ಇಲಾಖೆ (ಡಿಎಸ್‌ಇಆರ್‌ಟಿ) ಮತ್ತು ಮಾಧ್ಯಮಿಕ ಶಿಕ್ಷಣ ಅಭಿಯಾನ, ಬೆಂಗಳೂರಿನ ಐಟಿ ಫಾರ್ ಚೇಂಜ್ ಸಂಸ್ಥೆಯ ಜೊತೆ ಸೇರಿ 'ವಿಷಯ ಶಿಕ್ಷಕರ ವೇದಿಕೆ'ಗಳನ್ನು ಆರಂಭಿಸಿದವು. ಕಂಪ್ಯೂಟರ್ ಕಲಿಸಲು ಪ್ರತ್ಯೇಕ ಮನುಷ್ಯನನ್ನು ನೇಮಿಸಲಿಲ್ಲ. ಗಣಿತದ ಶಿಕ್ಷಕರನ್ನು ಗಣಿತದ ಶಿಕ್ಷಕರೊಂದಿಗೆ, ಸಮಾಜ ವಿಜ್ಞಾನದವರನ್ನು ಸಮಾಜ ವಿಜ್ಞಾನದವರೊಂದಿಗೆ ಡಯಟ್‌ನ ಲ್ಯಾಬ್‌ನಲ್ಲಿ ಕೂರಿಸಿದರು. ಕಾಸು ಕೊಡಬೇಕಿಲ್ಲದ ಉಬುಂಟು, ಗಣಿತಕ್ಕೆ ಜಿಯೋಜೀಬ್ರಾ, ಪರಿಕಲ್ಪನಾ ನಕ್ಷೆ ಬಿಡಿಸಲು ಫ್ರೀಮೈಂಡ್. ಮನೆಗೆ ಹೋದ ಮೇಲೂ ಮಾತು ನಿಲ್ಲದಂತೆ ವಿಷಯವಾರು ಇಮೇಲ್ ಗುಂಪುಗಳು. ಶಿಕ್ಷಕರು ತಾವೇ ಬರೆದ, ಬಿಡಿಸಿದ, ಅನುವಾದಿಸಿದ ಸಾಮಗ್ರಿಗೆ 'ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲಗಳು' ಎಂಬ ತಾಣ. ಇದು ಹೈಸ್ಕೂಲುಗಳ ಕಥೆ, ಪ್ರಾಥಮಿಕದ್ದಲ್ಲ ಎಂದು ತಳ್ಳಿಹಾಕಬೇಡಿ. ತರಬೇತಿ ಎಲ್ಲಿಂದ ಹೊರಡಬೇಕು ಎನ್ನುವುದು ಇಲ್ಲಿ ನಿಚ್ಚಳವಾಗಿ ಕಾಣುತ್ತದೆ.

ತ್ರಿಭುಜದ ಮೂರು ಕೋನಗಳ ಮೊತ್ತ 180 ಡಿಗ್ರಿ. ಇದನ್ನು ಕಾಗದದ ತ್ರಿಭುಜ ಕತ್ತರಿಸಿ, ಮೂಲೆಗಳನ್ನು ಹರಿದು, ಒಂದು ಗೆರೆಯ ಮೇಲೆ ಜೋಡಿಸಿ ತೋರಿಸಿದ ಮೇಷ್ಟ್ರುಗಳು ನಮ್ಮಲ್ಲಿ ಬೇಕಾದಷ್ಟಿದ್ದಾರೆ. ಜಿಯೋಜೀಬ್ರಾದಲ್ಲಿ ತ್ರಿಭುಜ ಬಿಡಿಸಿ, ಒಂದು ಶೃಂಗವನ್ನು ಮೌಸಿನಿಂದ ಹಿಡಿದು ಎಳೆದಾಡಿ. ಕೋನಗಳು ಕಣ್ಣೆದುರೇ ಹಿಗ್ಗುತ್ತವೆ, ಕುಗ್ಗುತ್ತವೆ, ಮೊತ್ತ ಮಾತ್ರ ಅಲ್ಲಾಡುವುದಿಲ್ಲ. ಇಲ್ಲಿಯವರೆಗೆ ಎಲ್ಲ ತರಬೇತಿಗಳೂ ಬರುತ್ತವೆ, ಚಪ್ಪಾಳೆಯೂ ಬೀಳುತ್ತದೆ. ಸೊಗಸು ಇರುವುದು ಇದರ ಆಚೆ. ಪರದೆಯ ಮೇಲೆ ಕೋನಗಳು ಎರಡು ದಶಮಾಂಶ ಸ್ಥಾನಕ್ಕೆ ಕಾಣುತ್ತವೆ. ಯಾವುದೋ ಒಂದು ಎಳೆತದಲ್ಲಿ ಬರೆದುಕೊಂಡು ಕೂಡಿದರೆ 180.01 ಬರುತ್ತದೆ. ಹಿಂದಿನ ಬೆಂಚಿನ ಹುಡುಗ ಅದನ್ನು ಹಿಡಿದೇ ಹಿಡಿಯುತ್ತಾನೆ: 'ಸಾರ್, ಒಂದು ಜಾಸ್ತಿ ಬಂತು.' ಗುಂಡಿ ಒತ್ತುವುದನ್ನಷ್ಟೇ ಕಲಿತು ಬಂದ ಶಿಕ್ಷಕರು ಇಲ್ಲಿ ಗಲಿಬಿಲಿಗೊಂಡು ಸಾಫ್ಟ್‌ವೇರ್ ಕೆಟ್ಟಿದೆ ಎಂದು ಮುಚ್ಚಿಡುತ್ತಾರೆ. ಇನ್ನೊಬ್ಬ ಗಣಿತ ಶಿಕ್ಷಕರ ಪಕ್ಕ ಕೂತು ಇದೇ ತೊಡಕನ್ನು ಮೊದಲೇ ಎದುರಿಸಿದವರು ಸೀಮೆಸುಣ್ಣ ಎತ್ತಿಕೊಂಡು ದಶಮಾಂಶವನ್ನು ಸರಿಹೊಂದಿಸುವ ಪಾಠ ತೆಗೆಯುತ್ತಾರೆ, ಪಠ್ಯದಲ್ಲಿ ಅದು ಬೇರೆ ಅಧ್ಯಾಯದಲ್ಲಿದ್ದರೂ. ಶೃಂಗವನ್ನು ತಂದು ಎದುರು ಬಾಹುವಿನ ಮೇಲೆಯೇ ಕೂರಿಸಿದರೆ ಕೋನಗಳು 180, ಸೊನ್ನೆ, ಸೊನ್ನೆ. ಮೊತ್ತವೇನೋ ಸರಿ, ಆದರೆ ಅದು ಇನ್ನೂ ತ್ರಿಭುಜವೇ? ಈ ಪ್ರಶ್ನೆಗೆ ಶಿಕ್ಷಕರೇ ಎರಡು ಪಂಗಡವಾಗಿ ಜಗಳಕ್ಕೆ ನಿಂತರೆ ಆ ದಿನದ ತರಬೇತಿ ಸಾರ್ಥಕ.

ಕನ್ನಡದ ಶಾಲೆಗಳಿಗೆ ಇದರ ಜೊತೆ ಒಂದು ವಿಶೇಷ ತಲೆನೋವೂ ಇತ್ತು, ಅದು ಅಕ್ಷರದ್ದು. ಊರಿನ ಡಿಟಿಪಿ ಅಂಗಡಿಯಲ್ಲಿ 'ನುಡಿ' ತಂತ್ರಾಂಶದ ಹಳೆಯ ಫಾಂಟಿನಲ್ಲಿ ಮಾಡಿಸಿದ ಪ್ರಶ್ನೆಪತ್ರಿಕೆ ಶಾಲೆಯ ಕಂಪ್ಯೂಟರ್‌ನಲ್ಲಿ ತೆರೆದರೆ ಕನ್ನಡವೇ ಇರುತ್ತಿರಲಿಲ್ಲ, ತಲೆಯ ಮೇಲೆ ಗೆರೆ-ಚುಕ್ಕಿ ಹೊತ್ತ ಯುರೋಪಿನ ಅಕ್ಷರಗಳ ಸಂತೆ. ಕಾರಣ ಸರಳ: ಆ ಫಾಂಟುಗಳು ಇಂಗ್ಲಿಷ್ ಮತ್ತು ಯುರೋಪಿನ ಇತರ ಭಾಷೆಗಳ ಅಕ್ಷರಗಳಿಗೆ ಮೀಸಲಾದ ಸಂಕೇತಗಳ ಮೇಲೆ ಕನ್ನಡದ ಆಕಾರಗಳನ್ನು ಕೂರಿಸಿದ್ದವು. ಯೂನಿಕೋಡ್ ಈ ಕಾಟವನ್ನು ಬಹುಮಟ್ಟಿಗೆ ತಪ್ಪಿಸಿತು. ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸ ಒಮ್ಮೆ ಬೆರಳಿಗೆ ಹತ್ತಿದರೆ ಮರೆಯುವಂಥದ್ದೂ ಅಲ್ಲ. ಅರ್ಧ ದಿನದ ಕೆಲಸ ಇದು. ಆದರೆ ಆ ಅರ್ಧ ದಿನವನ್ನು ಕೊಡದ ತರಬೇತಿಗಳಿಂದ ಬಂದ ಶಿಕ್ಷಕರು ಪವರ್‌ಪಾಯಿಂಟ್‌ನಲ್ಲಿ ಅಕ್ಷರ ಹಾರಿಸುವುದನ್ನು ಕಲಿತಿದ್ದರೇ ಹೊರತು 'ಋ' ಹೇಗೆ ಟೈಪ್ ಮಾಡುವುದೆಂದು ಅವರಿಗೆ ತಿಳಿದಿರಲಿಲ್ಲ.

ಪಕ್ಕದ ಕೇರಳದ ಮಾತು ಇಲ್ಲಿ ಬರಲೇಬೇಕು, ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳೂ ಅದೇ ವ್ಯವಸ್ಥೆಯಲ್ಲಿ ಐಸಿಟಿ ಪಾಠವನ್ನು ಕನ್ನಡದಲ್ಲೇ ಓದುತ್ತಾರಲ್ಲ. 2001ರಲ್ಲಿ ಐಟಿ@ಸ್ಕೂಲ್ ಎಂದು ಶುರುವಾಗಿ 2017ರಲ್ಲಿ 'ಕೈಟ್' ಎಂಬ ಸರ್ಕಾರಿ ಕಂಪನಿಯಾದ ಆ ಯೋಜನೆಯಲ್ಲಿ ಕಲಿಸುವವರು ಹೊರಗುತ್ತಿಗೆಯವರಲ್ಲ. ಮಲಯಾಳದ, ಭೌತಶಾಸ್ತ್ರದ, ಕನ್ನಡದ ಶಿಕ್ಷಕರೇ ಲ್ಯಾಬಿನ ಜವಾಬ್ದಾರಿ ಹೊತ್ತರು. ಅವರಲ್ಲೇ ಕೆಲವರು ಮಾಸ್ಟರ್ ಟ್ರೇನರ್‌ಗಳಾದರು. ತಂತ್ರಾಂಶ ಮುಕ್ತವಾದದ್ದು, ಆದ್ದರಿಂದ ಕೆಟ್ಟರೆ ಬಿಚ್ಚಿ ನೋಡುವ ಧೈರ್ಯವೂ ಬಂತು. 2018ರಲ್ಲಿ ಆರಂಭಿಸಿ 45,000 ತರಗತಿ ಕೋಣೆಗಳನ್ನು ಹೈಟೆಕ್ ಮಾಡಿದರು. ಆ ದೊಡ್ಡ ಸಂಖ್ಯೆಯ ಹಿಂದೆ ಹದಿನೇಳು ವರ್ಷಗಳ ಶಿಕ್ಷಕ ಪಡೆ ಇತ್ತು. ನಾವು ಆ ಸಂಖ್ಯೆಯನ್ನಷ್ಟೇ ನೋಡಿ ಹೊಟ್ಟೆಕಿಚ್ಚು ಪಟ್ಟೆವು.

ನಮ್ಮಲ್ಲಿ 2016-17ರಲ್ಲಿ ತಂತ್ರಜ್ಞಾನ ಆಧಾರಿತ ಕಲಿಕಾ ಕಾರ್ಯಕ್ರಮ 'ಟಾಲ್ಪ್' ಬಂತು, 2017ರ ಶಿಕ್ಷಕರ ದಿನದಂದು ಕೇಂದ್ರದ ದೀಕ್ಷಾ ವೇದಿಕೆ ಬಂತು, ಪಠ್ಯಪುಸ್ತಕದ ಪಾಠಗಳ ಪಕ್ಕ ಕ್ಯುಆರ್ ಕೋಡ್ ಬಂತು. ಆಮೇಲೆ ಕೋವಿಡ್. 2020ರ ಆಗಸ್ಟ್‌ನಲ್ಲಿ 'ವಿದ್ಯಾಗಮ' ಶುರುವಾದಾಗ ಮಕ್ಕಳನ್ನು ಮೂರು ಗುಂಪು ಮಾಡಿದರು: ಇಂಟರ್ನೆಟ್ ಇರುವ ಸ್ಮಾರ್ಟ್‌ಫೋನ್ ಉಳ್ಳವರು, ಬರೀ ಮಾತಾಡುವ ಫೋನ್ ಉಳ್ಳವರು, ಏನೂ ಇಲ್ಲದವರು. ಗುಡಿಯ ಕಟ್ಟೆ, ಸಮುದಾಯ ಭವನ, ಬೇವಿನ ಮರದಡಿ ಪಾಠ ನಡೆಯಿತು. ಅಕ್ಟೋಬರ್‌ನಲ್ಲಿ ಸೋಂಕಿನ ಭಯಕ್ಕೆ ಅದನ್ನು ನಿಲ್ಲಿಸಿದರು ನಿಜ, ಆದರೆ ಮಕ್ಕಳನ್ನು ಬಿಟ್ಟುಕೊಡದ ಒಂದು ಪ್ರಯತ್ನ ಅದಾಗಿತ್ತು. ಯೂಟ್ಯೂಬ್‌ಗೆ ವಿಡಿಯೊ ಏರಿಸುವುದನ್ನು, ಗೂಗಲ್ ಫಾರ್ಮ್‌ನಲ್ಲಿ ಪ್ರಶ್ನೆ ಕೇಳುವುದನ್ನು, ಪದ್ಯವನ್ನು ತಾನೇ ಹಾಡಿ ಧ್ವನಿಮುದ್ರಿಸಿ ಕಳಿಸುವುದನ್ನು ಐವತ್ತು ದಾಟಿದ ಶಿಕ್ಷಕಿಯರೂ ಆ ತಿಂಗಳುಗಳಲ್ಲಿ ಕಲಿತರು. ಕಲಿಸಿದವರು ಬಹುಪಾಲು ಪಕ್ಕದ ಶಾಲೆಯ ಕಿರಿಯ ಶಿಕ್ಷಕರು, ಇಲ್ಲವೇ ಮನೆಯಲ್ಲಿದ್ದ ಪಿಯುಸಿ ಮಗಳು. ಯಾರೂ ಪ್ರಮಾಣಪತ್ರ ಕೊಡಲಿಲ್ಲ.

ಪ್ರಮಾಣಪತ್ರದ ಕಾಲ ಆಮೇಲೆ ಬಂತು. ಹೊಸ ಶಿಕ್ಷಣ ನೀತಿ ಶಿಕ್ಷಕರಿಗೆ ವರ್ಷಕ್ಕೆ 50 ಗಂಟೆಗಳ ವೃತ್ತಿಪರ ಕಲಿಕೆ ಇರಬೇಕೆನ್ನುತ್ತದೆ. ಆಶಯ ಒಳ್ಳೆಯದು. ಆದರೆ ಆ ಗಂಟೆಗಳು ಆನ್‌ಲೈನ್ ಕೋರ್ಸುಗಳಾಗಿ ಇಳಿದಾಗ ಏನಾಗುತ್ತದೆಂದು ಶಿಕ್ಷಕರ ಕೋಣೆಯಲ್ಲಿ ಎಲ್ಲರಿಗೂ ಗೊತ್ತು. ಅನ್ನಕ್ಕಿಟ್ಟು ಪಕ್ಕದಲ್ಲಿ ಫೋನನ್ನು ಲೋಟಕ್ಕೆ ಒರಗಿಸಿಟ್ಟರೆ ವಿಡಿಯೊ ತಾನೇ ಓಡುತ್ತದೆ. ಕೊನೆಯ ರಸಪ್ರಶ್ನೆಯ ಉತ್ತರಗಳು ಗುಂಪಿನಲ್ಲಿ ಪಿಡಿಎಫ್ ಆಗಿ ಬಂದಿರುತ್ತವೆ. ಮುಗಿಸದವರ ಪಟ್ಟಿಯೂ ಅದೇ ಗುಂಪಿಗೆ ಬರುವುದರಿಂದ ಮುಗಿಸದೆ ಗತಿಯಿಲ್ಲ. ಇದಕ್ಕೆ ಶಿಕ್ಷಕರನ್ನು ಬೈಯುವುದು ಸುಲಭ. ಶೇಕಡಾ ನೂರು ಪ್ರಗತಿಯನ್ನು ಮಾತ್ರ ಅಳೆಯುವವರಿಗೆ ಶೇಕಡಾ ನೂರು ಪ್ರಗತಿ ಮಾತ್ರ ಸಿಗುತ್ತದೆ, ಕಲಿಕೆ ಅವರು ಕೇಳಿದ್ದರಲ್ಲಿ ಇರಲೇ ಇಲ್ಲ.

ಯಂತ್ರಗಳ ಸ್ಥಿತಿಯನ್ನೂ ಒಂದು ಸಾಲಿನಲ್ಲಿ ಹೇಳಿಬಿಡಬೇಕು. 2023-24ರ ಯುಡೈಸ್ ಪ್ಲಸ್ ವರದಿಯ ಪ್ರಕಾರ ದೇಶದ ಶಾಲೆಗಳಲ್ಲಿ ಕೆಲಸ ಮಾಡುವ ಕಂಪ್ಯೂಟರ್ ಇದ್ದದ್ದು ಶೇಕಡಾ 57.2ರಲ್ಲಿ, ಇಂಟರ್ನೆಟ್ ಇದ್ದದ್ದು ಶೇಕಡಾ 53.9ರಲ್ಲಿ. ಇಲ್ಲದ ಕಡೆಗಳಲ್ಲಿ ಶಿಕ್ಷಕರ ಸ್ವಂತ ಫೋನು, ಸ್ವಂತ ರೀಚಾರ್ಜು.

ಹಾಗೆಂದು ಎಲ್ಲದಕ್ಕೂ ಸ್ಮಾರ್ಟ್‌ಬೋರ್ಡ್ ಬರಲಿ ಎಂದು ಕಾಯಬೇಕಿಲ್ಲ. ಈಚೆಗೆ ನನ್ನ ಗಮನ ಸೆಳೆದದ್ದು, ಬರೀ ಕರೆಯಿಂದ ನಡೆಯುವ 'ಗಣಿತ ಗಣಕ'. ಪ್ರಾಥಮಿಕ ಶಾಲೆಯ ಶಿಕ್ಷಕರು ಶಾಲೆ ಬಿಟ್ಟ ಮೇಲೆ ಮಗುವಿನ ಮನೆಗೆ ಫೋನ್ ಮಾಡಿ ಒಬ್ಬೊಬ್ಬರಿಗೇ ಕೂಡುವುದು, ಕಳೆಯುವುದು, ಗುಣಿಸುವುದು, ಭಾಗಿಸುವುದನ್ನು ಹೇಳಿಕೊಡುತ್ತಾರೆ. ಇದರ ಬೇರು ಆಫ್ರಿಕಾದ ಬೋಟ್ಸ್ವಾನಾದಲ್ಲಿದೆ. ಕೋವಿಡ್‌ನಲ್ಲಿ ಶಾಲೆ ಮುಚ್ಚಿದಾಗ ಅಲ್ಲಿ ವಾರಕ್ಕೊಂದು ಎಸ್ಸೆಮ್ಮೆಸ್ ಲೆಕ್ಕ, ಜೊತೆಗೆ ಸುಮಾರು 20 ನಿಮಿಷದ ಕರೆ ಮಾಡಿ ನೋಡಿದರು. ಎಸ್ಸೆಮ್ಮೆಸ್ ಒಂದರಿಂದ ಹೆಚ್ಚೇನೂ ಆಗಲಿಲ್ಲ, ಕರೆ ಸೇರಿದಾಗ ಮಕ್ಕಳ ಲೆಕ್ಕ ಸ್ಪಷ್ಟವಾಗಿ ಸುಧಾರಿಸಿತು.

ಇಂಥ ಒಂದು ಕರೆಯನ್ನು ಊಹಿಸಿಕೊಳ್ಳಿ. ಸಂಜೆ ಏಳು. ರಾಯಚೂರು ಸೀಮೆಯ ಒಂದು ಮನೆ. 'ಈಗಷ್ಟೇ ಹೊಲದಿಂದ ಬಂದೀವ್ರಿ ಟೀಚರ್, ತಡೀರಿ, ಕೊಡ್ತೀನಿ' ಎಂದು ತಾಯಿ ಫೋನನ್ನು ಮಗಳ ಕೈಗಿಡುತ್ತಾಳೆ. ಟೀಚರು ಕೇಳುತ್ತಾರೆ: 43ರಾಗ 17 ಕಳದ್ರ ಎಷ್ಟು? ಹುಡುಗಿ ಅಂಗಳದ ಮಣ್ಣಲ್ಲಿ ಬರೆದು ಹೇಳುತ್ತಾಳೆ: 34. ತರಗತಿಯಲ್ಲಾಗಿದ್ದರೆ ಕೆಂಪು ಶಾಯಿಯ ಅಡ್ಡಗೆರೆ ಬಿದ್ದು ಮುಗಿಯುತ್ತಿತ್ತು. ಇಲ್ಲಿ ಟೀಚರಿಗೆ ಬರೆದದ್ದು ಕಾಣುವುದಿಲ್ಲ, ಆದ್ದರಿಂದ ಕೇಳಲೇಬೇಕು: 'ಹೆಂಗ್ ಮಾಡಿದಿ ಹೇಳವಾ.' ನಾಲ್ಕರಲ್ಲಿ ಒಂದು ಹೋದರೆ ಮೂರು, ಏಳರಲ್ಲಿ ಮೂರು ಹೋದರೆ ನಾಲ್ಕು. ದೊಡ್ಡದರಿಂದ ಸಣ್ಣದನ್ನು ಕಳೆಯಬೇಕು ಎಂಬ ನಿಯಮವನ್ನು ಹುಡುಗಿ ಬಲು ನಿಷ್ಠೆಯಿಂದ ಪಾಲಿಸಿದ್ದಾಳೆ, ತಪ್ಪಾದದ್ದು ಆ ನಿಷ್ಠೆಯಿಂದಲೇ. ಹತ್ತರ ಮನೆಯಿಂದ ಒಂದನ್ನು ಬಿಡಿಯ ಮನೆಗೆ ತರುವುದನ್ನು ಕಡ್ಡಿಯಲ್ಲೋ ಕಡಲೆಕಾಯಿಯಲ್ಲೋ ಮಾಡಿಸಬೇಕು, ಅದನ್ನೂ ಬರೀ ಮಾತಿನಲ್ಲಿ. ಈ ಶಿಕ್ಷಕಿಗೆ ಫೋನ್ ಮಾಡುವುದನ್ನು ಯಾರೂ ಕಲಿಸಬೇಕಿಲ್ಲ. 34 ಎಲ್ಲಿಂದ ಬಂತೆಂದು ಊಹಿಸುವುದನ್ನು, ಉತ್ತರವನ್ನು ತಾನೇ ಹೇಳಿಬಿಡದೆ ತಡೆದುಕೊಳ್ಳುವುದನ್ನು, ಮುಂದಿನ ಕರೆಗೆ ಯಾವ ಲೆಕ್ಕ ಕೊಡಬೇಕೆಂದು ಆರಿಸುವುದನ್ನು ಕಲಿಸಬೇಕು. ಡಿಜಿಟಲ್ ತರಬೇತಿಯ ಹೂರಣ ಇದು.

ಈ ಹೂರಣಕ್ಕೆ ಯಂತ್ರವೇ ಬೇಕೆಂದಿಲ್ಲ. 1995ರಲ್ಲಿ ಹೆಗ್ಗಡದೇವನಕೋಟೆಯ ಸರ್ಕಾರಿ ಶಿಕ್ಷಕರು ರಿಷಿವ್ಯಾಲಿಗೆ ಹೋಗಿಬಂದು ಕಲಿಕೆಯ ಕಾರ್ಡು, ಏಣಿಗಳನ್ನು ತಾವೇ ಕೂತು ರೂಪಿಸಿ 'ನಲಿ-ಕಲಿ' ಪದ್ಧತಿ ಕಟ್ಟಿದ್ದರಲ್ಲ, ಅದರಲ್ಲಿ ಒಂದು ತಂತಿಯೂ ಇರಲಿಲ್ಲ. ಆದರೆ ಕಟ್ಟಿದವರಿಗೆ ಪ್ರತಿ ಕಾರ್ಡು ಯಾಕಿದೆ ಎಂದು ಗೊತ್ತಿತ್ತು. ಮುಂದೆ ರಾಜ್ಯಕ್ಕೆಲ್ಲ ಹರಡಿದಾಗ ಕಾರ್ಡುಗಳು ಎಲ್ಲ ಕಡೆಗೂ ಹೋದವು, ಆ 'ಯಾಕೆ' ಎನ್ನುವುದು ಅಷ್ಟಾಗಿ ಹೋಗಲಿಲ್ಲ. ಈಗ ಪಾಠಯೋಜನೆ ಬರೆದುಕೊಡುವ ಕೃತಕ ಬುದ್ಧಿಮತ್ತೆಯ ಸಲಕರಣೆಗಳು ಕನ್ನಡದಲ್ಲೂ ಬಂದಿವೆ. ಮೈಕ್ರೋಸಾಫ್ಟ್ ರಿಸರ್ಚ್ ಮತ್ತು ಶಿಕ್ಷಣ ಫೌಂಡೇಷನ್ ಸೇರಿ ನಮ್ಮ ಸರ್ಕಾರಿ ಶಾಲೆಗಳಲ್ಲಿ ಪ್ರಯೋಗಿಸಿದ 'ಶಿಕ್ಷಾ ಕೋಪೈಲಟ್' ಅಂಥದ್ದು. ಬರವಣಿಗೆಯ ಹೊರೆ ಇಳಿಸುವುದಾದರೆ ಸ್ವಾಗತ. ಆದರೆ ಸಾವಯವ ವಸ್ತುಗಳ ಪಾಠಕ್ಕೆ ಅದು ಸೂಚಿಸುವ ಚಟುವಟಿಕೆ ತನ್ನೂರಿನ ತಿಪ್ಪೆಗುಂಡಿಯ ಮುಂದೆ ನಿಲ್ಲುತ್ತದೆಯೇ ಎಂದು ತೂಗಿ ನೋಡಿ 'ಬೇಡ' ಎನ್ನುವ ಎದೆಗಾರಿಕೆ ಶಿಕ್ಷಕರಿಗೆ ಬೇಕು. ಅದು ಜೊತೆಗಾರರ ನಡುವೆ ಕೂತು ಮಾಡಿ, ಕೆಡಿಸಿ, ಮತ್ತೆ ಮಾಡಿದಾಗಲಷ್ಟೇ ಬರುತ್ತದೆ.

ಅದಕ್ಕೆ ಜಾಗವೂ ಇದೆ. ಕ್ಲಸ್ಟರ್ ಮಟ್ಟದ ಸಮಾಲೋಚನಾ ಸಭೆ ಹುಟ್ಟಿದ್ದೇ ಇದಕ್ಕೆ. ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿಗಳು ಸುತ್ತೋಲೆ ಓದಿ ಮುಗಿಸುವ ಹೊತ್ತಿಗೆ ಮಧ್ಯಾಹ್ನವಾಗುವುದು ತಪ್ಪಿದರೆ, ಹತ್ತು ಹದಿನೈದು ಶಾಲೆಯವರು ಸೇರಿ ಒಂದೇ ಒಂದು ಪಾಠವನ್ನು ಒಂದೇ ಒಂದು ಫೋನಿಟ್ಟುಕೊಂಡು ಬಿಚ್ಚಿ ನೋಡಬಹುದು. ಇನ್ನು ಆ ಫೋನ್ ಕರೆಗಳಿಗೆ ಬೇಕಾದ ಹೊತ್ತಿನ ಮಾತು. ಪ್ರಾಥಮಿಕ ಶಾಲೆಯ ಶಿಕ್ಷಕರಲ್ಲಿ ದೊಡ್ಡ ಪಾಲು ಹೆಂಗಸರು. ಸಂಜೆ ಏಳರ ಕರೆ ಅವರ ಅಡುಗೆಯ, ಸ್ವಂತ ಮಕ್ಕಳ ಹೊತ್ತಿನಿಂದಲೇ ಕಿತ್ತುಕೊಂಡದ್ದು. ಚುನಾವಣೆಗೆ, ಗಣತಿಗೆ ಅನ್ಯ ಕರ್ತವ್ಯದ ಹಾಜರಿ (ಓಓಡಿ) ಮತ್ತು ಗೌರವಧನ ಇರುವ ವ್ಯವಸ್ಥೆಯಲ್ಲಿ ಈ ಕರೆಯ ಹೊತ್ತನ್ನು ಯಾವ ಖಾತೆಗೆ ಬರೆಯಬೇಕೆಂದು ಇಲಾಖೆ ಮೊದಲು ಒಂದು ಆದೇಶ ಹೊರಡಿಸಲಿ. ತುರ್ತು ಎಂದು ನಮೂದಿಸಿದರೂ ಅಡ್ಡಿಯಿಲ್ಲ.